ಬೀಜಿಂಗಿನ ಗ್ರೇಟ್ ಹಾಲ್ ಹತ್ತು ತಿಂಗಳಲ್ಲಿ ಕಟ್ಟಿದ್ದು ನಿಜಾನಾ? ಹೆಂಗೆ?

ಮಂಡ್ಯ ಹೈದ

ಎಲ್ರಿಗೂ ನಮಸ್ಕಾರ. ಒಂದು ವಿಷ್ಯ ತಲೇಲಿ ಕೊರೀತಾ ಐತೆ, ಇಲ್ಲಿ ಕಟ್ಟಡದ ಬಗ್ಗೆ ತಿಳ್ಕಂಡಿರೋರು ಇದೀರ ಅಂತ ಕೇಳ್ತಿದೀನಿ. ನನ್ ತಂಗಿ ಮೈಸೂರಲ್ಲಿ ಆರ್ಕಿಟೆಕ್ಚರ್ ಓದ್ತಾವ್ಳೆ, ಈ ಸಲ ಏಷ್ಯಾದ ಒಂದು ಸರ್ಕಾರಿ ಕಟ್ಟಡದ ಬಗ್ಗೆ ಸೆಮಿನಾರ್ ಕೊಡ್ಬೇಕಂತೆ, ಅವ್ಳಿಗೆ ಬಂದಿರೋದು ಬೀಜಿಂಗಲ್ಲಿರೋ ಗ್ರೇಟ್ ಹಾಲ್ ಆಫ್ ದಿ ಪೀಪಲ್, ಅಂದ್ರೆ ಚೀನಾದೋರ ಪಾರ್ಲಿಮೆಂಟ್ ಸೇರೋ ಜಾಗ. ಊರಿಗೆ ಬಂದಿದ್ದಾಗ ಅವ್ಳ ನೋಟ್ಸ್ ತಿರುವಾಕ್ತಾ ಕೂತಿದ್ದೆ, ಅದ್ರಲ್ಲಿ 1,71,800 ಚದರ ಮೀಟರ್ ಕಟ್ಟಡ, 1958ರ ಅಕ್ಟೋಬರ್ ಕೊನೇಲಿ ಶುರು ಮಾಡಿ 1959ರ ಸೆಪ್ಟೆಂಬರಲ್ಲಿ ಮುಗ್ಸವ್ರೆ, ಹತ್ತು ತಿಂಗಳು ಚಿಲ್ರೆ ಅಂತ ಬರ್ಕೊಂಡವ್ಳೆ.

ನಾನು ಸಿವಿಲ್ ಡಿಪ್ಲೊಮಾ ಮಾಡಿ ಮಂಡ್ಯ ಸುತ್ತಮುತ್ತ ಮನೆ ಕಟ್ಟಿಸೋ ಕೆಲ್ಸ ಮಾಡೋನು. ನಮ್ ಲೆಕ್ಕದಲ್ಲಿ (ನೂರು ಚದರಡಿಗೆ ಒಂದು ಚದರ) ಹೇಳೋದಾದ್ರೆ ಅದು ಹದಿನೆಂಟೂವರೆ ಸಾವಿರ ಚದರ ಆಯ್ತದೆ. ಹನ್ನೆರಡು ಚದರದ ಒಂದು ಮನೆಗೆ ಪಾಯ ತೆಗ್ದು ಪಿಲ್ಲರ್ ಎಬ್ಸಿ ಮೋಲ್ಡ್ ಹಾಕಿ, ಸೆಂಟ್ರಿಂಗ್ ಬಿಚ್ಚೋಕೆ ಕಾಯ್ಕಂಡು, ಆಮೇಲೆ ಗಾರೆ, ಪ್ಲಂಬಿಂಗ್, ಟೈಲ್ಸು ಅಂತ ಮುಗ್ಸೋ ಹೊತ್ಗೆ ವರ್ಷ ಹಿಡೀತದೆ. ನಮ್ ಕಡೆ ಒಂದು ಸರ್ಕಾರಿ ಕಟ್ಟಡ ನಾನು ಡಿಪ್ಲೊಮಾಗೆ ಸೇರಿದಾಗ ಕಂಬಿ ನಿಂತಿತ್ತು, ಪಾಸಾಗಿ ಕೆಲ್ಸಕ್ಕೆ ಬಂದ್ರೂ ಅದೇ ಕಂಬಿ ತುಕ್ಕು ಹಿಡ್ಕಂಡು ನಿಂತಿತ್ತು. ಅದಕ್ಕೇ ನಂಬಕ್ಕೆ ಆಯ್ತಿಲ್ಲ.

ನಿಜವಾಗ್ಲೂ ಹತ್ತು ತಿಂಗಳಾ? ಡ್ರಾಯಿಂಗ್ ಎಷ್ಟು ದಿನದಲ್ಲಿ ಮಾಡಿದ್ರು? ಅಷ್ಟು ಅರ್ಜೆಂಟಲ್ಲಿ ಕಟ್ಟಿದ್ದು ಗಟ್ಟಿಯಾಗಿ ಐತಾ? ಇನ್ನೊಂದು, ನಮ್ ವಿಧಾನಸೌಧಾನೂ ಅದೇ ಕಾಲದ್ದಲ್ವಾ, ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರ್ಸಿದ್ರೆ ಚೆನ್ನಾಗಿರ್ತದಾ? ತಿಳ್ದೋರು ಹೇಳಿ, ತಂಗಿಗೆ ಉಪಯೋಗ ಆಯ್ತದೆ.

ನಿವೃತ್ತ ಇಂಜಿನಿಯರ್, ಕುವೆಂಪುನಗರ

ನಿಜ ಕಣಪ್ಪ, ಹತ್ತು ತಿಂಗಳೇ. ಆದ್ರೆ ಅದು ಹೆಂಗೆ ಸಾಧ್ಯ ಆಯ್ತು ಅನ್ನೋದನ್ನ ಒಂದೊಂದಾಗಿ ಬಿಡಿಸಿ ನೋಡ್ಬೇಕು, ಇಲ್ದಿದ್ರೆ ಬರೀ ಜಾದೂ ಅನ್ಸುತ್ತೆ.

1959ರ ಅಕ್ಟೋಬರ್ 1ಕ್ಕೆ ಅವರ ಗಣರಾಜ್ಯಕ್ಕೆ ಹತ್ತು ವರ್ಷ ತುಂಬೋದಿತ್ತು. ಅದಕ್ಕೆ ಬೀಜಿಂಗಲ್ಲಿ ಹತ್ತು ದೊಡ್ಡ ಕಟ್ಟಡ ಕಟ್ಟಬೇಕು ಅಂತ 1958ರ ಆಗಸ್ಟಲ್ಲಿ ತೀರ್ಮಾನ ಮಾಡಿದ್ರು. ಈ ಹಾಲು, ಇದರ ಎದುರುಗಡೆ ಇರೋ ಮ್ಯೂಸಿಯಂ, ಬೀಜಿಂಗ್ ರೈಲ್ವೆ ಸ್ಟೇಷನ್, ವರ್ಕರ್ಸ್ ಸ್ಟೇಡಿಯಂ, ಮಿಲಿಟರಿ ಮ್ಯೂಸಿಯಂ, ಹೀಗೆ. ಅಂದ್ರೆ ಇದೊಂದೇ ಅಲ್ಲ, ಒಟ್ಟೊಟ್ಟಿಗೆ ಇಷ್ಟೂ ಕೆಲಸ ನಡೀತಿತ್ತು. ತಾರೀಖು ಮೊದಲು ಫಿಕ್ಸ್ ಆಯ್ತು, ಡ್ರಾಯಿಂಗ್ ಆಮೇಲೆ ಬಂತು. ಆಗಸ್ಟಲ್ಲಿ ತೀರ್ಮಾನ, ಸೆಪ್ಟೆಂಬರಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ಆರ್ಕಿಟೆಕ್ಟ್‌ಗಳನ್ನ ಬೀಜಿಂಗಿಗೆ ಕರೆಸಿಕೊಂಡ್ರು, 84 ಪ್ಲಾನು, 189 ಎಲಿವೇಶನ್ (ಕಟ್ಟಡ ಹೊರಗಿಂದ ಹೆಂಗೆ ಕಾಣುತ್ತೆ ಅನ್ನೋ ಚಿತ್ರ) ಬಂದ್ವು, ಅದರಲ್ಲಿ ಝಾವೋ ದೊಂಗ್‌ರಿ ಅವರ ತಂಡದ ಪ್ಲಾನ್ ಆಯ್ಕೆ ಆಯ್ತು, ಅದನ್ನ ಕಟ್ಟಡವಾಗಿ ಬೆಳೆಸೋ ಜವಾಬ್ದಾರಿ ಝಾಂಗ್ ಬೊ ಅನ್ನೋರ ಮೇಲೆ ಬಿತ್ತು. ಅಕ್ಟೋಬರ್ ಕೊನೆಗೆ ಪಾಯ ತೋಡೋಕೆ ಶುರು.

ನೀನು ಡ್ರಾಯಿಂಗ್ ಎಷ್ಟು ದಿನ ಅಂತ ಕೇಳಿದ್ಯಲ್ಲ, ಉತ್ತರ ಇಷ್ಟೇ, ಡ್ರಾಯಿಂಗ್ ಮುಗಿಸಿ ಕಟ್ಟಲಿಲ್ಲ. ಡಿಸೈನ್ ಮಾಡ್ತಾ, ಸಾಮಾನು ಹೊಂದಿಸ್ತಾ, ಕಟ್ತಾ, ಮೂರೂ ಒಟ್ಟಿಗೆ ಮಾಡಿದ್ರು. ಪಾಯದ ಡ್ರಾಯಿಂಗ್ ಸೈಟಿಗೆ ಹೋದಾಗ ಮೇಲಿನ ಮಹಡಿ ಇನ್ನೂ ಬೋರ್ಡ್ ಮೇಲೇ ಇರೋದು. ನಾನು ಸರ್ವಿಸಲ್ಲಿದ್ದಾಗ ನಮ್ಮ ಮೇಲಧಿಕಾರಿಗಳು ಯಾರೂ ಇಂಥದ್ದಕ್ಕೆ ಒಪ್ತಿರ್ಲಿಲ್ಲ, ಒಪ್ಪಬಾರದು ಕೂಡ. ಯಾಕಂದ್ರೆ ಕೆಳಗಿನ ಕಾಲಮ್ ಹಾಕಿ ಆದ್ಮೇಲೆ ಮೇಲಿನ ಲೋಡ್ ಬದಲಾಯ್ತು ಅಂದ್ರೆ ಏನು ಮಾಡ್ತೀಯ?

ಕಟ್ಟಡದ ಪ್ಲಾನೂ ಸಹಾಯ ಮಾಡ್ತು. ಉತ್ತರ ದಕ್ಷಿಣ 336 ಮೀಟರ್ ಉದ್ದ, ಮಧ್ಯದಲ್ಲಿ ಹತ್ತು ಸಾವಿರ ಸೀಟಿನ ಸಭಾಂಗಣ, ಉತ್ತರಕ್ಕೆ ಔತಣದ ಹಾಲು, ದಕ್ಷಿಣಕ್ಕೆ ಅವರ ಸ್ಥಾಯಿ ಸಮಿತಿಯ ಆಫೀಸು. ಮೂರು ಬೇರೆ ಬೇರೆ ಕಟ್ಟಡ ಒಂದೇ ಹೊದಿಕೆ ಒಳಗೆ ಇದ್ದ ಹಾಗೆ. ಹಾಗಿದ್ದಾಗ ಒಂದು ಕಡೆ ನಿಂತ್ರೆ ಇನ್ನೊಂದು ಕಡೆ ಕಾಯೋದು ಬೇಕಿಲ್ಲ, ಮೂರೂ ಕಡೆ ಆಳು ಹಚ್ಚಬಹುದು. ಆಳು ಎಷ್ಟು ಅಂದ್ಕೊಂಡೆ? ಮೂವತ್ತು ಸಾವಿರಕ್ಕೂ ಮೇಲೆ. ಹಗಲು ರಾತ್ರಿ ಶಿಫ್ಟ್. ಇದರ ಜೊತೆಗೆ ವಿದ್ಯಾರ್ಥಿಗಳು, ಆಫೀಸಿನೋರು, ಸೈನಿಕರು ಬಂದು ಮಣ್ಣು ಹೊತ್ತಿದ್ದು ಬೇರೆ.

ನೀನು ಕಂಟ್ರಾಕ್ಟರ್ ಆದ್ರಿಂದ ಇದು ಅರ್ಥ ಆಗುತ್ತೆ, ಬೀಜಿಂಗಲ್ಲಿ ಡಿಸೆಂಬರ್ ಜನವರೀಲಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಹೊಸ ಕಾಂಕ್ರೀಟಲ್ಲಿರೋ ನೀರು ಹೆಪ್ಪುಗಟ್ಟಿಬಿಟ್ರೆ ಬರಬೇಕಾದಷ್ಟು ಸ್ಟ್ರೆಂತ್ ಬರೋದೇ ಇಲ್ಲ. ನಮಗೆ ಬೇಸಿಗೇಲಿ ನೀರು ಹೊಡೆದು ಹೊಡೆದು ಕ್ಯೂರಿಂಗ್ ಮಾಡೋದು ತಲೆನೋವಾದ್ರೆ ಅಂಥ ಚಳಿ ಊರಲ್ಲಿ ಕಾಂಕ್ರೀಟನ್ನ ಬೆಚ್ಚಗಿಡೋದೇ ಒಂದು ಕೆಲಸ. ಹತ್ತು ತಿಂಗಳಲ್ಲಿ ಪೂರ್ತಿ ಒಂದು ಚಳಿಗಾಲ ಸೇರಿದೆ ಅನ್ನೋದನ್ನ ತಂಗಿ ಮರೀಬಾರದು.

ಇನ್ನು ಗಟ್ಟಿ ಇದೆಯಾ ಅಂತ ಕೇಳಿದ್ದಕ್ಕೆ. ಆ ಅನುಮಾನ ಆಗಲೇ ಅವರಿಗೂ ಬಂದಿತ್ತು. ಸಭಾಂಗಣದ ಮೇಲೆ 60 ಮೀಟರಿಗೂ ಮೇಲಿನ ಸ್ಪ್ಯಾನಿಗೆ (ಒಂದು ಆಸರೆಯಿಂದ ಇನ್ನೊಂದಕ್ಕೆ ಇರೋ ದೂರ) ಉಕ್ಕಿನ ಟ್ರಸ್, ಅಂದ್ರೆ ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು, ಮಧ್ಯೆ ಎಲ್ಲೂ ಕಂಬ ಇಲ್ಲ. ಕೆಳಗೆ ಹತ್ತು ಸಾವಿರ ಜನ, ಅದೂ ದೇಶದ ಎಲ್ಲ ನಾಯಕರು, ಕೂರ್ತಾರೆ. ಪ್ರಧಾನಿ ಝೌ ಎನ್‌ಲಾಯ್ ಪರಿಣತರ ಸಭೆ ಕರೆದು, ಸ್ಟ್ರಕ್ಚರನ್ನ ಪೂರ್ತಿ ಪರೀಕ್ಷೆ ಮಾಡಿ ಸಹಿ ಹಾಕಿ ಅಂತ ಮಾವೊ ಯಿಶೆಂಗ್ ಅವರಿಗೆ ವಹಿಸಿದ್ರು. ಈ ಮಾವೊ ಯಿಶೆಂಗ್ ಸಾಮಾನ್ಯರಲ್ಲ. ಹಾಂಗ್‌ಝೌ ಹತ್ರ ಕಿಯಾನ್‌ತಾಂಗ್ ನದಿಗೆ ರೈಲು, ರಸ್ತೆ ಎರಡೂ ಹೋಗೋ ದೊಡ್ಡ ಸೇತುವೆ ಕಟ್ಟಿದೋರು, 1937ರಲ್ಲಿ ಮುಗೀತು, ಅದೇ ವರ್ಷದ ಡಿಸೆಂಬರಲ್ಲಿ ಜಪಾನ್ ಸೈನ್ಯ ದಾಟಬಾರದು ಅಂತ ಅವರೇ ನಿಂತು ಅದನ್ನ ಸ್ಫೋಟ ಮಾಡಿಸ್ಬೇಕಾಯ್ತು, ಯುದ್ಧ ಮುಗಿದ ಮೇಲೆ ಅವರೇ ರಿಪೇರಿ ಮಾಡ್ಸಿದ್ರು. ಅಂಥ ಮನುಷ್ಯನ ಸಹಿ ಬಿದ್ದ ಕಟ್ಟಡ ಇದು. ಒಬ್ಬ ಇಂಜಿನಿಯರ್ ಆಗಿ ನನಗೆ ಆ ಹತ್ತು ತಿಂಗಳಿಗಿಂತ ಈ ಒಂದು ಸಹಿ ಮುಖ್ಯ ಅನ್ಸುತ್ತೆ. ಅಷ್ಟು ಅವಸರದಲ್ಲೂ ಬೇರೆ ಒಬ್ಬರ ಕಣ್ಣು ಬೀಳಬೇಕು ಅಂತ ನಿಲ್ಲಿಸಿ ನೋಡಿದ್ರಲ್ಲ.

ನೀಲನಕ್ಷೆ

ಮೇಲೆ ಸರ್ ಸ್ಟ್ರಕ್ಚರ್ ಬಗ್ಗೆ ಚೆನ್ನಾಗಿ ಹೇಳಿದಾರೆ. ನಾನು ಮೈಸೂರಲ್ಲಿ ಪ್ರಾಕ್ಟೀಸ್ ಮಾಡೋ ಆರ್ಕಿಟೆಕ್ಟ್, ಡಿಸೈನ್ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ತಂಗಿಗೆ ನೇರವಾಗಿ ತೋರಿಸಿಬಿಡಿ.

ಸ್ಟೂಡೆಂಟ್ಸ್ ಎಲ್ಲಾ ಈ ಕಟ್ಟಡ ತಗೊಂಡ್ರೆ ಮುಂಭಾಗದ ಫೋಟೋ ಹಾಕಿ, ಪೂರ್ವ ಬಾಗಿಲಲ್ಲಿ 12 ಕಂಬ, ಒಂದೊಂದೂ 25 ಮೀಟರ್ ಎತ್ತರ, ಅಂತ ಹೇಳಿ ಮುಗಿಸ್ತಾರೆ. ನನ್ನ ಪ್ರಕಾರ ಈ ಕಟ್ಟಡದಲ್ಲಿ ನಿಜವಾದ ಆರ್ಕಿಟೆಕ್ಚರ್ ನಡೆದಿರೋದು ಹೊರಗಡೆ ಅಲ್ಲ, ಸಭಾಂಗಣದ ಒಳಗೆ, ಸೀಲಿಂಗಲ್ಲಿ.

ಹಾಲಿನ ಅಳತೆ ನೋಡಿ. ಅಗಲ 76 ಮೀಟರ್, ಆಳ 60, ಎತ್ತರ 33. ಮಧ್ಯೆ ಕಂಬ ಇಲ್ಲ, ಎರಡು ಹಂತದ ಬಾಲ್ಕನಿ. ಇಷ್ಟು ದೊಡ್ಡ ಡಬ್ಬದ ಒಳಗೆ ಒಬ್ಬ ಮನುಷ್ಯ ಹೋಗಿ ಕೂತ್ರೆ ಏನಾಗುತ್ತೆ? ಒಂದೋ ಸೀಲಿಂಗ್ ತಲೆ ಮೇಲೆ ಬಂದ ಹಾಗೆ ಭಾರ ಅನ್ಸುತ್ತೆ, ಇಲ್ಲಾ ತಾನು ಎಲ್ಲೋ ಕಳೆದುಹೋದೆ ಅನ್ಸುತ್ತೆ. ಡಿಸೈನರ್‌ಗಳು ಇದರಲ್ಲೇ ಸಿಕ್ಕಿಹಾಕಿಕೊಂಡಿದ್ರು. ಆಗ ಝೌ ಎನ್‌ಲಾಯ್ ಹಳೇ ಟಾಂಗ್ ಕಾಲದ ಗದ್ಯದ ಒಂದು ಸಾಲನ್ನ ನೆನಪಿಸಿದ್ರಂತೆ, ಶರತ್ಕಾಲದ ನೀರು ಮತ್ತೆ ಆಕಾಶ ಒಂದೇ ಬಣ್ಣ ಆಗಿ ಸೇರೋ ಚಿತ್ರ ಅದು. ಬಯಲಲ್ಲಿ ಮಲಗಿ ಆಕಾಶ ನೋಡಿದ್ರೆ ನಮಗೆ ಎತ್ತರ ಜಾಸ್ತಿ ಆಯ್ತು ಅನ್ಸಲ್ಲ, ಯಾಕಂದ್ರೆ ಅದಕ್ಕೆ ಅಂಚು ಕಾಣಲ್ಲ. ಹಾಗಾಗಿ ಗೋಡೆ ಎಲ್ಲಿ ಮುಗೀತು ಸೀಲಿಂಗ್ ಎಲ್ಲಿ ಶುರು ಆಯ್ತು ಅನ್ನೋ ಮೂಲೆಯನ್ನೇ ತೆಗೆದು ದುಂಡಗೆ ಬಾಗಿಸಿಬಿಟ್ರು. ಮಧ್ಯದಲ್ಲಿ ದೊಡ್ಡ ಕೆಂಪು ನಕ್ಷತ್ರ, ಅದರ ಸುತ್ತ ಬಂಗಾರದ ಕಿರಣಗಳು, ಸೂರ್ಯಕಾಂತಿ ದಳಗಳು, ಅದರಾಚೆ ನೀರಿನ ಅಲೆ ಹಾಗೆ ಸುತ್ತು ಸುತ್ತಾಗಿ ಹರಡೋ ಬೆಳಕು, ಸೀಲಿಂಗ್ ತುಂಬ ಸುಮಾರು ಐನೂರು ದೀಪ. ಕೆಂಪು ನಕ್ಷತ್ರ ಪಕ್ಷದ ಗುರುತು, ಸೂರ್ಯಕಾಂತಿ ಅದರ ಕಡೆ ಮುಖ ಮಾಡಿರೋ ಜನ, ಆ ರಾಜಕೀಯ ಅರ್ಥ ಇದ್ದೇ ಇದೆ. ಅದನ್ನ ಒಂದು ಪಕ್ಕಕ್ಕಿಟ್ಟು ಬರೀ ಜಾಗವಾಗಿ ನೋಡಿದ್ರೂ ಆ ಬಾಗಿದ ಮೂಲೆ ಒಂದು ಒಳ್ಳೇ ಪರಿಹಾರ. ದುಡ್ಡು ಸುರಿದು ಮಾಡಿದ್ದಲ್ಲ, ಯೋಚನೆ ಮಾಡಿ ಮಾಡಿದ್ದು.

ಎರಡನೇದು ಸೌಂಡ್. ಇದನ್ನ ಯಾರೂ ಸೆಮಿನಾರಲ್ಲಿ ಮುಟ್ಟಲ್ಲ, ತಂಗಿ ಮುಟ್ಟಿದ್ರೆ ಗೆಲ್ತಾಳೆ. ನಮ್ಮ ಕಡೆ ಯಾವ ಹೊಸ ಕಲ್ಯಾಣ ಮಂಟಪಕ್ಕಾದ್ರೂ ಖಾಲಿ ಇದ್ದಾಗ ಹೋಗಿ ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಗ್ರಾನೈಟ್ ನೆಲ, ನುಣ್ಣಗಿನ ಗೋಡೆ, ಮೇಲೆ ಶೀಟು, ಆ ಒಂದು ಚಪ್ಪಾಳೆ ಎಷ್ಟೋ ಹೊತ್ತು ಸುತ್ತುತ್ತೆ. ಅದಕ್ಕೇ ಮೈಕಲ್ಲಿ ಪುರೋಹಿತರು ಏನು ಹೇಳ್ತಿದಾರೆ ಅಂತ ಹಿಂದಿನ ಸಾಲಿಗೆ ಒಂದಕ್ಷರ ತಿಳಿಯಲ್ಲ. ಈಗ ಗ್ರೇಟ್ ಹಾಲಿನ ಸಭಾಂಗಣ ಸುಮಾರು 90,000 ಘನ ಮೀಟರ್. ಶಬ್ದ ಒಂದು ಸೆಕೆಂಡಿಗೆ 340 ಮೀಟರ್ ಹೋಗುತ್ತೆ ಅಂದ್ರೆ ವೇದಿಕೆಯಿಂದ ಕೊನೇ ಸಾಲು ಮುಟ್ಟೋಕೇ ಸೆಕೆಂಡಿನ ಆರನೇ ಒಂದು ಭಾಗ ಬೇಕು, ಗೋಡೆಗೆ ಬಡಿದು ವಾಪಸ್ ಬರೋದು ಇನ್ನೂ ತಡ, ಆ ತಡ ಜಾಸ್ತಿ ಆದ ಹಾಗೆ ಕಿವಿಗೆ ಅದು ಬೇರೆ ಮಾತಾಗಿ ಕೇಳಿಸುತ್ತೆ, ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತೆ. ಇದನ್ನ ವಹಿಸಿಕೊಂಡೋರು ಮಾ ದಾಯೌ, ಹಾರ್ವರ್ಡಲ್ಲಿ ಓದಿ ಬಂದ ಫಿಸಿಕ್ಸ್ ವಿಜ್ಞಾನಿ. ಗೋಡೆಗೆ ಸೀಲಿಂಗಿಗೆ ತೂತು ತೂತಿನ ಹಲಗೆ ಹೊಡೆದು ಹಿಂದೆ ಶಬ್ದ ಹೀರೋ ಪದಾರ್ಥ, ಗಾಳಿಗೆ ಜಾಗ. ಶಬ್ದ ತೂತಿನೊಳಗೆ ಹೋಗಿ ಅಲ್ಲೇ ಸುಸ್ತಾಗಿಬಿಡುತ್ತೆ. ಇನ್ನೊಂದು ಕಡೆ, ವೇದಿಕೆ ಮೇಲೆ ದೊಡ್ಡ ಸ್ಪೀಕರ್ ಇಟ್ಟು ಕಿರುಚಿಸೋ ಬದಲು ಸೀಟುಗಳ ಹತ್ರಾನೇ ಸಣ್ಣ ಸಣ್ಣ ಸ್ಪೀಕರ್. ಕಿವಿ ಪಕ್ಕದಲ್ಲೇ ಮಾತು ಕೇಳಿಸಿದ್ರೆ ಹಾಲಿಗೆ ಪ್ರತಿಧ್ವನಿ ಮಾಡೋಕೆ ಅಷ್ಟು ಶಬ್ದಾನೇ ಇರಲ್ಲ. ಮಾ ದಾಯೌ ಮುಂದೆ 1975ರಲ್ಲಿ ಕೂದಲೆಳೆಯಷ್ಟು ಸಣ್ಣ ತೂತಿನ ಹಲಗೆಯ ಸಿದ್ಧಾಂತ ಕೊಟ್ರು, ಹಿಂದೆ ಹತ್ತಿ ಉಣ್ಣೆ ಏನೂ ಇಲ್ಲದೆ ಬರೀ ತೂತೇ ಶಬ್ದ ತಿನ್ನೋದು, ಅದನ್ನ ಇವತ್ತು ಜಗತ್ತಿನ ಎಲ್ಲ ಕಡೆ ಹಾಲುಗಳಲ್ಲಿ ಹಾಕ್ತಾರೆ.

ಹೊರಗಿನ ರೂಪದ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಕಂಬಗಳ ಸಾಲು ಯುರೋಪಿನದ್ದು, ಸೋವಿಯತ್ ದಾರಿಯಲ್ಲಿ ಬಂದಿದ್ದು. ಮೇಲೆ ಹಳದಿ ಹಸಿರು ಗ್ಲೇಜ್ ಹೆಂಚಿನ ಅಂಚು ಚೀನಾದ್ದು. 1955ರ ಸುಮಾರಿಗೆ ದೊಡ್ಡ ಚೀನೀ ಮಾಡು ಹಾಕೋದು ದುಂದು ವೆಚ್ಚ ಅಂತ ಅಲ್ಲಿ ದೊಡ್ಡ ಟೀಕೆ ನಡೆದಿತ್ತು, ಹಾಗಾಗಿ ಪೂರ್ತಿ ಮಾಡು ಬಿಟ್ಟು ಬರೀ ಅಂಚು ಉಳಿಸಿಕೊಂಡ ಹಾಗಿದೆ. ಆ ಟೀಕೆಯ ಮುಖ್ಯ ಗುರಿ ಆಗಿದ್ದೋರು ಲಿಯಾಂಗ್ ಸಿಚೆಂಗ್, ಚೀನಾದ ಹಳೇ ಕಟ್ಟಡಗಳನ್ನ ಊರೂರು ಅಲೆದು ಅಳತೆ ತೆಗೆದ ಮಹಾನುಭಾವ. ಈ ಹಾಲಿನ ಬಗ್ಗೆಯೂ ಅವರಿಗೆ ಸಮಾಧಾನ ಇರಲಿಲ್ಲ. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿಬಿಟ್ಟಿದೀರಿ, ಬಾಗಿಲು ಕಿಟಕಿ ಕಂಬ ಎಲ್ಲ ದೊಡ್ಡದಾದ್ರೆ ಕಟ್ಟಡದ ದೊಡ್ಡತನಾನೇ ಕಣ್ಣಿಗೆ ತಿಳಿಯಲ್ಲ, ಅನ್ನೋ ಅರ್ಥದ ಆಕ್ಷೇಪ ಅವರದ್ದು. ನಾನು ಇದನ್ನ ಪೂರ್ತಿ ಒಪ್ತೀನಿ. ಫೋಟೋದಲ್ಲಿ ಪಕ್ಕದಲ್ಲಿ ಒಬ್ಬ ಮನುಷ್ಯ ಇಲ್ದಿದ್ರೆ ಆ ಕಂಬ ಎಷ್ಟೆತ್ತರ ಅಂತ ಹೇಳೋಕಾಗಲ್ಲ.

ಮಂಡ್ಯ ಹೈದ

ಸಾರ್, ಮೇಡಂ, ಇಬ್ರಿಗೂ ತುಂಬ ಥ್ಯಾಂಕ್ಸ್. ಕಲ್ಯಾಣ ಮಂಟಪದ ವಿಷ್ಯ ಓದಿ ತಕ್ಷಣ ಅರ್ಥ ಆಯ್ತು, ನಾವು ಒಂದು ಛತ್ರಕ್ಕೆ ಗಾರೆ ಕೆಲ್ಸ ಮಾಡ್ಸಿದ್ದೋ, ಓನರ್ರು ಗೋಡೆ ಕನ್ನಡಿ ಹಂಗೆ ನುಣ್ಣಗೆ ಬರ್ಬೇಕು ಅಂತ ನಿಂತ್ಕಂಡು ಮಾಡ್ಸಿದ್ರು, ಈಗ ಅಲ್ಲಿ ಮೈಕ್ ಹಾಕಿದ್ರೆ ಕಿವಿ ಮುಚ್ಕೋಬೇಕು.

ಔತಣದ ಹಾಲ್ ಅಂದ್ರಲ್ಲ, ಅದ್ರಲ್ಲಿ ಎಷ್ಟು ಜನ ಕೂರ್ತಾರೆ? ಮತ್ತೆ ಅಲ್ಲಿಗೆ ಹೋಗಿ ನೋಡಿರೋರು ಯಾರಾದ್ರೂ ಅವ್ರಾ?

ಸರಸ್ವತಿಪುರಂ ಟು ಬೀಜಿಂಗ್

ಔತಣದ ಹಾಲಲ್ಲಿ ಒಂದೇ ಸಲ 5,000 ಜನ ಕೂತು ಊಟ ಮಾಡಬಹುದು, ಹಾಲೇ 7,000 ಚದರ ಮೀಟರ್ ಇದೆ. ಮಂಡ್ಯ ಕಡೆ ಬೀಗರೂಟದ ಪಂಕ್ತಿ ಗೊತ್ತಿರೋರಿಗೆ ಐದು ಸಾವಿರ ದೊಡ್ಡ ಸಂಖ್ಯೆ ಅಲ್ಲ, ಆದ್ರೆ ಪಂಕ್ತಿ ಮೇಲೆ ಪಂಕ್ತಿ ಅಲ್ಲ, ಎಲ್ಲರೂ ಒಂದೇ ಪಂಕ್ತಿ ಅಂತ ಊಹಿಸ್ಕೊಳ್ಳಿ. 1972ರ ಫೆಬ್ರವರಿಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬಂದಾಗ ಝೌ ಎನ್‌ಲಾಯ್ ಔತಣ ಕೊಟ್ಟಿದ್ದು ಈ ಗ್ರೇಟ್ ಹಾಲಲ್ಲೇ.

ನಾನು ಕಂಪನಿ ಕೆಲಸದ ಮೇಲೆ ಬೀಜಿಂಗಲ್ಲಿ ಇದ್ದೆ, ಆಗ ಒಳಗೆ ಹೋಗಿ ನೋಡಿದೀನಿ. ಆಗ ಸಭೆ ಇಲ್ಲದ ದಿನ ಟಿಕೆಟ್ ತಗೊಂಡು ಹೋಗಬಹುದಿತ್ತು, ಬ್ಯಾಗ್ ಮಾತ್ರ ಹೊರಗಡೆ ಕೌಂಟರಲ್ಲಿ ಇಟ್ಟು ಹೋಗಬೇಕಿತ್ತು. ಪ್ರತಿ ಪ್ರಾಂತ್ಯದ ಹೆಸರಲ್ಲಿ ಒಂದೊಂದು ಕೋಣೆ ಇದೆ, ಆಯಾ ಕಡೆಯ ಚಿತ್ರ, ಕುಸುರಿ, ಕಾರ್ಪೆಟ್ ಹಾಕಿ ಅಲಂಕಾರ ಮಾಡಿರ್ತಾರೆ. ನನಗೆ ಅದು ಬಹಳ ಇಷ್ಟ ಆಯ್ತು. ಸಭಾಂಗಣದ ಬಾಲ್ಕನಿಯಲ್ಲಿ ಕೂತು ಮೇಲೆ ನೋಡಿದೆ, ಮೇಡಂ ಹೇಳಿದ್ದು ನಿಜ, ಎಷ್ಟು ದೂರಕ್ಕೆ ಕಣ್ಣು ಹಾಯಿಸಿದ್ರೂ ಮೂಲೆ ಸಿಗಲ್ಲ. ಆದ್ರೆ ಹೊರಗಡೆ ಮೆಟ್ಟಿಲು ಹತ್ತುವಾಗ ಆ ಕಂಬದ ಬುಡದಲ್ಲಿ ಕೈ ಇಟ್ಟು ನಿಂತ್ರೆ ಮೈ ಜುಂ ಅನ್ನುತ್ತೆ, ಎರಡು ಮೀಟರ್ ದಪ್ಪ, ತಬ್ಬೋಕೆ ನಾಲ್ಕು ಜನ ಬೇಕು. ಹಾಗಾಗಿ ಹೊರಭಾಗಕ್ಕೆ ಬೆಲೆ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ ಮೇಡಂ, ಬರೋರನ್ನ ಹೆದರಿಸೋದೇ ಅದರ ಕೆಲಸ, ಅದನ್ನ ಅದು ಸರಿಯಾಗಿ ಮಾಡುತ್ತೆ.

ಇನ್ನೊಂದು ವಿಷಯ ತಂಗಿಗೆ ಬೇಕಾಗಬಹುದು. ಗ್ರೇಟ್ ಹಾಲಿನ ಪಶ್ಚಿಮಕ್ಕೆ ಮೊಟ್ಟೆ ಆಕಾರದ ನ್ಯಾಷನಲ್ ಥಿಯೇಟರ್ ಇದೆ, ಫ್ರಾನ್ಸಿನ ಪಾಲ್ ಆಂಡ್ರೂ ಡಿಸೈನ್, ಟೈಟಾನಿಯಂ ಮತ್ತೆ ಗಾಜು, 2007ರಲ್ಲಿ ತೆರೆದ್ರು. 1958ರ ಆ ದೊಡ್ಡ ಕಟ್ಟಡಗಳ ಯೋಜನೆ ಕಾಲದಲ್ಲೇ ಅಲ್ಲಿ ಥಿಯೇಟರ್ ಆಗಬೇಕು ಅಂತ ಇತ್ತು, ಆಗ ಆಗದೆ ಉಳಿದಿದ್ದು ಹೆಚ್ಚುಕಮ್ಮಿ ಐವತ್ತು ವರ್ಷ ಆದ್ಮೇಲೆ ಆಯ್ತು. ಗ್ರೇಟ್ ಹಾಲ್ 46.5 ಮೀಟರ್ ಎತ್ತರ, ಥಿಯೇಟರ್ ಅದಕ್ಕಿಂತ ಒಂಚೂರು ಕಮ್ಮಿ, 46 ಮೀಟರ್ ಚಿಲ್ಲರೆ, ಮೇಲೆ ಹೋಗೋಕಾಗದೆ ಇರೋದನ್ನೆಲ್ಲ ನೆಲದ ಕೆಳಗೆ ಇಳಿಸಿದಾರೆ. ಮೈಸೂರಲ್ಲಿ ಅರಮನೆ ಸುತ್ತ ಎತ್ತರದ ಕಟ್ಟಡ ಬೇಡ ಅಂತ ನಾವು ಜಗಳ ಆಡ್ತೀವಲ್ಲ, ಅಲ್ಲೂ ಅದೇ ಲೆಕ್ಕಾಚಾರ.

ಮದ್ದೂರು ಎಕ್ಸ್‌ಪ್ರೆಸ್

ಎಲ್ಲಾ ಓದಿದೆ. ನನ್ನದೊಂದೇ ಮಾತು, ನಮ್ಮಲ್ಲೂ ಹಿಂಗೆ ಒಬ್ರು ಗಟ್ಟಿಯಾಗಿ ಕೂತು ತಾರೀಖು ಹಾಕಿ ಕೆಲ್ಸ ಮಾಡ್ಸಿದ್ರೆ ಆಸ್ಪತ್ರೆ, ಸ್ಕೂಲು, ಬ್ರಿಜ್ಜು ಎಲ್ಲಾ ಬೇಗ ಆಗ್ತವೆ. ಟೆಂಡರ್, ಕೋರ್ಟು, ಸ್ಟೇ, ರಿವೈಸ್ಡ್ ಎಸ್ಟಿಮೇಟ್ ಅಂತ ನಮ್ ಜೀವನ ಮುಗ್ದೋಯ್ತದೆ. ನಮ್ಮವ್ವನ್ನ ಡಯಾಲಿಸಿಸ್‌ಗೆ ಬೇರೆ ಊರಿಗೆ ಕರ್ಕೊಂಡೋಗ್ತೀನಿ, ಹತ್ರದಲ್ಲೇ ಬರ್ಬೇಕಾಗಿದ್ದ ಕಟ್ಟಡ ಇನ್ನೂ ಗೋಡೆ ಮಟ್ಟದಲ್ಲೇ ನಿಂತೈತೆ. ಆ ಹತ್ತು ತಿಂಗಳು ನಂಗೆ ಬೇಕು ಅನ್ಸೋದು ತಪ್ಪಾ?

ನಿವೃತ್ತ ಇಂಜಿನಿಯರ್, ಕುವೆಂಪುನಗರ

ತಪ್ಪಲ್ಲಪ್ಪ. ನಿಮ್ಮ ತಾಯಿಯವರಿಗೆ ಬೇಗ ಅನುಕೂಲ ಆಗ್ಲಿ. ಕೆಲಸ ನಿಲ್ಲಿಸಿ ವರ್ಷಗಟ್ಟಲೆ ಕಂಬಿ ತುಕ್ಕು ಹಿಡಿಸೋದು ಅನ್ಯಾಯಾನೇ, ಅದನ್ನ ನಾನು ಸಮರ್ಥನೆ ಮಾಡಲ್ಲ, ನಲವತ್ತು ಐವತ್ತು ಪರ್ಸೆಂಟ್ ಕೆಲಸ ಆಗಿ ಬಿಲ್ ಪಾಸಾಗದೆ ನಿಂತಿದ್ದನ್ನ ಸರ್ವಿಸ್ ಉದ್ದಕ್ಕೂ ನೋಡಿ ನೊಂದವನೇ ನಾನು.

ಆದ್ರೆ ಆ ಹತ್ತು ತಿಂಗಳನ್ನ ಅದರ ವರ್ಷದ ಜೊತೆಗೇ ನೋಡ್ಬೇಕು. 1958 ಅಂದ್ರೆ ಅಲ್ಲಿ ಗ್ರೇಟ್ ಲೀಪ್ ಫಾರ್ವರ್ಡ್ ಶುರುವಾದ ವರ್ಷ. ಹಳ್ಳಿ ಜನರನ್ನ ಹೊಲದಿಂದ ಎಬ್ಬಿಸಿ ಹಿತ್ತಲ ಕುಲುಮೇಲಿ ಉಕ್ಕು ಮಾಡೋಕೆ ಹಚ್ಚಿದ್ರು, ಬೆಳೆ ಜಾಸ್ತಿ ಬಂತು ಅಂತ ಕೆಳಗಿನೋರು ಮೇಲಿನೋರಿಗೆ ಸುಳ್ಳು ಲೆಕ್ಕ ಕೊಟ್ರು, ಆ ಲೆಕ್ಕದ ಮೇಲೆ ಸರ್ಕಾರ ಧಾನ್ಯ ಎತ್ಕೊಂಡು ಹೋಯ್ತು. 1959ರಿಂದ 1961ರವರೆಗೆ ಕೋಟಿಗಟ್ಟಲೆ ಜನ ಹಸಿವಿಂದ ಸತ್ರು. ಈ ಹಾಲು ಉದ್ಘಾಟನೆ ಆಗ್ತಿದ್ದಾಗ ಆ ಬರ ಶುರುವಾಗಿತ್ತು. ಹಾಲ್ ಕಟ್ಟಿದ್ದಕ್ಕೆ ಬರ ಬಂತು ಅಂತ ನಾನು ಹೇಳ್ತಿಲ್ಲ. ಇದಾಗಲ್ಲ ಸ್ವಾಮಿ ಅಂತ ಹೇಳೋಕೆ ಯಾರಿಗೂ ಧೈರ್ಯ ಇಲ್ಲದಿದ್ದ ವ್ಯವಸ್ಥೆ ಒಂದು ಕಡೆ ಹತ್ತು ತಿಂಗಳಲ್ಲಿ ಹಾಲ್ ಕೊಡ್ತು, ಇನ್ನೊಂದು ಕಡೆ ಅದನ್ನ ಕೊಡ್ತು. ನಿಮಗೆ ತಾರೀಖು ಬೇಕು, ಸರಿ. ಆ ತಾರೀಖಿಗೆ ಆಗಲ್ಲ ಅಂತ ಹೇಳೋ ಇಂಜಿನಿಯರೂ ಬೇಕು, ಅವನ ಕೆಲಸ ಹೋಗಬಾರದು.

ಜಾಗದ ವಿಷಯಾನೂ ಹಾಗೇ. ಈ ಹಾಲಿನ ಮುಂದಿರೋ ತಿಯಾನನ್ಮೆನ್ ಚೌಕ ದೊಡ್ಡದು ಮಾಡೋಕೆ, ಈ ಕಟ್ಟಡಗಳಿಗೆ ಜಾಗ ಮಾಡೋಕೆ ಅಲ್ಲಿದ್ದ ಹಳೇ ಓಣಿ ಮನೆಗಳನ್ನೆಲ್ಲ ಕೆಡವಿ ಜನರನ್ನ ಎಬ್ಬಿಸಿದ್ರು. ನಮ್ಮಲ್ಲೂ ಕನ್ನಂಬಾಡಿ ಕಟ್ಟೋವಾಗ ಊರೂರೇ ಮುಳುಗಿದವು, ಅದರ ನೀರು ಕುಡಿದು ಮಂಡ್ಯ ಬೆಳೀತು, ನಾನು ಅದನ್ನ ಅಲ್ಲಗಳೆಯಲ್ಲ. ಎದ್ದು ಹೋದೋರ ಲೆಕ್ಕಾನೂ ಕಟ್ಟಡದ ಲೆಕ್ಕದಲ್ಲಿ ಬರ್ಬೇಕು ಅಷ್ಟೇ.

ನೀಲನಕ್ಷೆ

ಸರ್ ಹೇಳಿದ್ದಕ್ಕೆ ಸೇರಿಸಿ ಒಂದು. ಬೀಜಿಂಗಲ್ಲಿ ಇದಕ್ಕೆ ಬೇರೆ ದಾರಿ ಇತ್ತು. 1950ರಲ್ಲೇ ಲಿಯಾಂಗ್ ಸಿಚೆಂಗ್, ಚೆನ್ ಝಾನ್‌ಕ್ಸಿಯಾಂಗ್ ಅನ್ನೋ ಪ್ಲಾನರ್ ಜೊತೆ ಸೇರಿ ಒಂದು ಪ್ರಸ್ತಾವ ಕೊಟ್ಟಿದ್ರು, ಹಳೇ ಊರನ್ನ ಮುಟ್ಟಬೇಡಿ, ಸರ್ಕಾರದ ಆಫೀಸುಗಳನ್ನೆಲ್ಲ ಕೋಟೆ ಗೋಡೆಯ ಹೊರಗೆ ಪಶ್ಚಿಮಕ್ಕೆ ಹೊಸ ಜಾಗದಲ್ಲಿ ಕಟ್ಟಿ ಅಂತ. ಒಪ್ಪಲಿಲ್ಲ. ಆಡಳಿತ ಊರಿನ ಹೊಟ್ಟೆಯಲ್ಲೇ ಕೂತಿತು, ಆಮೇಲೆ ಹಳೇ ಕೋಟೆ ಗೋಡೇನೂ ಕೆಡವಿದ್ರು, ಅದರ ಜಾಡಲ್ಲೇ ರಿಂಗ್ ರೋಡು, ಮೆಟ್ರೋ ಬಂತು. ಕೊನೆಗೆ ಟ್ರಾಫಿಕ್ ತಡೆಯೋಕಾಗದೆ 2019ರ ಜನವರೀಲಿ ಬೀಜಿಂಗ್ ನಗರ ಸರ್ಕಾರ ತನ್ನ ಕಚೇರಿಯನ್ನ ಪೂರ್ವಕ್ಕೆ ತೊಂಗ್‌ಝೌಗೆ ಎತ್ಕೊಂಡು ಹೋಯ್ತು. ದಿಕ್ಕು ಬೇರೆ, ಯೋಚನೆ ಅದೇ. ಅಷ್ಟೊತ್ತಿಗೆ ಗೋಡೆ ಇರಲಿಲ್ಲ.

ಇದನ್ನ ನಾನು ಯಾಕೆ ಹೇಳ್ತಿದೀನಿ ಅಂದ್ರೆ ಮೈಸೂರಿನೋರಿಗೆ ಇದು ದೂರದ ಕಥೆ ಅಲ್ಲ. ನಮ್ಮ ಡಿಸಿ ಆಫೀಸ್ ಹಳೇ ಅಠಾರ ಕಚೇರಿಯಿಂದ ಸಿದ್ದಾರ್ಥನಗರಕ್ಕೆ ಹೋಯ್ತು, ಒಳ್ಳೇದೇ ಆಯ್ತು, ಆ ಹಳೇ ಕಟ್ಟಡಕ್ಕೆ ಇನ್ನಾದ್ರೂ ಉಸಿರಾಡೋಕೆ ಬಿಡಬೇಕು. ಲ್ಯಾನ್ಸ್‌ಡೌನ್ ಬಿಲ್ಡಿಂಗ್ 2012ರಲ್ಲಿ ಒಂದು ಭಾಗ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರ್ಕೆಟಿನ ಒಂದು ಭಾಗ ಬಿತ್ತು, ಕೆಡವಬೇಕಾ ಉಳಿಸಬೇಕಾ ಅನ್ನೋದರಲ್ಲೇ ವರ್ಷ ಉರುಳಿದ್ವು. ಕಟ್ಟೋದಕ್ಕೆ ತಾರೀಖು ಹಾಕೋ ಹಾಗೆ ರಿಪೇರಿಗೂ ತಾರೀಖು ಹಾಕಿ ಅಂತ ನಾನು ಕೇಳೋದು.

ಚೀನಾದಲ್ಲೂ ಸರ್ಕಾರಿ ಕಟ್ಟಡದ ಹುಚ್ಚು ಮಿತಿಮೀರಿತ್ತು. ಅನ್ಹುಯಿ ಪ್ರಾಂತ್ಯದ ಫುಯಾಂಗಲ್ಲಿ ಒಂದು ಜಿಲ್ಲಾ ಆಫೀಸನ್ನ ಅಮೆರಿಕದ ಪಾರ್ಲಿಮೆಂಟ್ ಕಟ್ಟಡ ಕ್ಯಾಪಿಟಲ್ ಹಾಗೆ ಗುಮ್ಮಟ ಇಟ್ಟು ಕಟ್ಟಿದ್ರು, ಜನ ಅದನ್ನ ವೈಟ್ ಹೌಸ್ ಅಂತಾನೇ ಕರೀತಿದ್ರು. 2013ರ ಜುಲೈಲಿ ಹೊಸ ಸರ್ಕಾರಿ ಕಚೇರಿ ಕಟ್ಟಡಗಳನ್ನ ಐದು ವರ್ಷ ಕಟ್ಟೋ ಹಾಗಿಲ್ಲ ಅಂತ ಕೇಂದ್ರ ಆದೇಶ ಮಾಡ್ತು. ತಂಗಿ ಇದನ್ನ ಕೊನೇ ಸ್ಲೈಡಲ್ಲಿ ಹಾಕ್ಲಿ.

ಇನ್ನು ವಿಧಾನಸೌಧದ ಹೋಲಿಕೆ. ಖಂಡಿತ ಮಾಡಿ, ಆದ್ರೆ ಎರಡೂ ದೊಡ್ಡದು ಎರಡೂ ಸರ್ಕಾರದ್ದು ಅಂತ ಅಲ್ಲ. 1951ರಲ್ಲಿ ನೆಹರು ಶಂಕುಸ್ಥಾಪನೆ, 1956ಕ್ಕೆ ಮುಗೀತು, ಸುಮಾರು ಐದು ಲಕ್ಷ ಚದರಡಿ, ಗ್ರೇಟ್ ಹಾಲಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಪೂರ್ವಕ್ಕೆ ಮುಖ, ಮುಂದೆ 12 ಗ್ರಾನೈಟ್ ಕಂಬ, 40 ಅಡಿ ಎತ್ತರ. ಅಲ್ಲೂ ಪೂರ್ವಕ್ಕೇ 12 ಕಂಬ, ಎತ್ತರ ನಮ್ಮದರ ಎರಡರಷ್ಟು. ಕೆಂಗಲ್ ಹನುಮಂತಯ್ಯನವರು ಹಠ ಹಿಡಿದು ಮಾಡಿಸಿದ್ದು, ಚೀಫ್ ಇಂಜಿನಿಯರ್ ಬಿ.ಆರ್. ಮಾಣಿಕಂ. ಕೆಲಸದಲ್ಲಿ ಸಾವಿರಾರು ಕೈದಿಗಳೂ ದುಡಿದ್ರು, ಮುಗಿದ ಮೇಲೆ ಅವರಿಗೆ ಬಿಡುಗಡೆ ಆಯ್ತು. ಖರ್ಚು ಜಾಸ್ತಿ ಆಯ್ತು ಅಂತ ಹನುಮಂತಯ್ಯನವರ ಮೇಲೆ ಬಹಿರಂಗವಾಗಿ ಟೀಕೆ ಬಂತು, 1956ರಲ್ಲಿ ಅವರ ಕುರ್ಚಿಯೂ ಹೋಯ್ತು. ಕಟ್ಟಿಸಿದೋರನ್ನ ಎಷ್ಟು ಖರ್ಚಾಯ್ತು ಅಂತ ನಿಲ್ಲಿಸಿ ಕೇಳೋಕಾಯ್ತು ಅನ್ನೋದನ್ನ ಹೋಲಿಕೆಯಲ್ಲಿ ಮೊದಲು ಇಡಿ, ಕಂಬದ ಎತ್ತರ ಆಮೇಲೆ.

ಮಂಡ್ಯ ಹೈದ

ಮೇಡಂ, ತಂಗಿಗೆ ಎಲ್ಲಾ ಫೋನಲ್ಲಿ ಓದಿ ಹೇಳ್ದೆ. ಅವ್ಳು ಥರ್ಮಾಕೋಲ್ ಮಾಡೆಲ್ ಮಾಡ್ತೀನಿ, ಮುಂದಿನ ಕಂಬ ಎಲ್ಲಾ ಕೊರೀತೀನಿ ಅಂತಿದ್ಲು. ಈಗ ಏನ್ ಮಾಡ್ಲಿ ಅಂತ ಕೇಳ್ತಾವ್ಳೆ.

ನೀಲನಕ್ಷೆ

ಮಾಡೆಲ್ ಮಾಡ್ಲಿ, ಆದ್ರೆ ಮುಂಭಾಗ ಬೇಡ. ಸಭಾಂಗಣವನ್ನ ಮಧ್ಯಕ್ಕೆ ಸೀಳಿ ಸೆಕ್ಷನ್ ಮಾಡೆಲ್ ಮಾಡ್ಲಿ, 1:200 ಸಾಕು, 76 ಮೀಟರ್ ಅಂದ್ರೆ 38 ಸೆಂಟಿಮೀಟರ್ ಬರುತ್ತೆ, ಬಸ್ಸಲ್ಲಿ ಹಿಡ್ಕೊಂಡು ಹೋಗಬಹುದು. ಟ್ರಸ್‌ಗೆ ಐಸ್‌ಕ್ರೀಂ ಕಡ್ಡಿ ಬೇಡ, ತೆಳು ತಂತಿ ಬೆಸುಗೆ ಹಾಕಿಸಿ, ಅದನ್ನ ಅಣ್ಣ ಮಾಡಿಸಿಕೊಡಬಹುದು. ಟ್ರಸ್ಸಿಗೂ ಕೆಳಗಿನ ಬಾಗಿದ ಸೀಲಿಂಗಿಗೂ ಮಧ್ಯೆ ಎಷ್ಟು ಜಾಗ ಖಾಲಿ ಇದೆ ಅಂತ ಅದರಲ್ಲಿ ಕಾಣಬೇಕು, ದೀಪ, ಗಾಳಿ ಡಕ್ಟು, ಸೌಂಡ್ ಹಲಗೆ ಎಲ್ಲ ಅಲ್ಲೇ ಕೂತಿರೋದು. ಒಳಗೆ ಸೀಟಿನ ಜಾಗದಲ್ಲಿ ಅದೇ ಸ್ಕೇಲಿಗೆ ಒಂದೆರಡು ಮನುಷ್ಯರನ್ನ ನಿಲ್ಲಿಸೋದು ಮರೀಬೇಡಿ, ಒಂದು ಸೆಂಟಿಮೀಟರೂ ಬರಲ್ಲ ಅವರು. ಸೆಕ್ಷನ್ ಡ್ರಾಯಿಂಗ್ ಮಾಡೋವಾಗ ಬಾಲ್ಕನಿ ಇಳಿಜಾರು ತಪ್ಪಿದ್ರೆ ನನಗೆ ಮೆಸೇಜ್ ಮಾಡ್ಲಿ, ಶನಿವಾರ ಮಧ್ಯಾಹ್ನದ ಮೇಲೆ ನಾನು ಆಫೀಸಲ್ಲೇ ಇರ್ತೀನಿ.